ಚಿಂಚವಾಡದ ಮೂಲಪುರುಷ ಮತ್ತು ಬೀದರಿನ ಐತಿಹ್ಯ

ಪವನಾ ನದಿಯ ದಂಡೆಯ ಮೇಲೆ, ಚಿಂಚವಾಡದ ಹಳೆಯ ಊರಿನ ಅಂಚಿನಲ್ಲಿ, ಮೋರಯಾ ಗೋಸಾವಿಯವರ ಸಮಾಧಿಮಂದಿರವಿದೆ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ ಆ್ಯಂಟಿಬಯಾಟಿಕ್ಸ್ ಕಾರಖಾನೆಯು ಸ್ಥಾಪಿತವಾದ ತರುವಾಯ ಒಂದರ ಬೆನ್ನಿಗೊಂದು ಕಾರಖಾನೆಗಳು ಎದ್ದು, 1982ರಲ್ಲಿ ಪಿಂಪ್ರಿ-ಚಿಂಚವಾಡವು ಮಹಾನಗರಪಾಲಿಕೆಯಾಯಿತು. ಈ ಅವಧಿಯಲ್ಲಿ ಉದ್ಯೋಗವನ್ನರಸಿ ಬಂದ ಕನ್ನಡಿಗರು ಬಿಜಾಪುರ, ಕಲಬುರ್ಗಿ, ಬೀದರ, ಧಾರವಾಡ, ದಕ್ಷಿಣ ಕನ್ನಡ ಮುಂತಾದ ಎಲ್ಲ ಕಡೆಗಳವರು. ಇವರಲ್ಲಿ ಅನೇಕರು ಈ ಸಮಾಧಿಯ ಮುಂದೆ ನಿಂತಾಗ ಒಂದು ಮಾತನ್ನು ಕೇಳಿರುತ್ತಾರೆ: ಮೋರಯಾ ಗೋಸಾವಿಯವರು ಮೂಲತಃ ಬೀದರಿನವರು, ಅರ್ಥಾತ್ ಕನ್ನಡನಾಡಿನವರು, ಈ ಊರಿಗೆ ವಲಸೆ ಬಂದ ಮೊದಲ ಕನ್ನಡಿಗರು ಅವರೇ, ಎಂದು. ಮಾತು ಕಿವಿಗೆ ಇಂಪಾಗಿದೆ. ಇಂಪಾದ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವ ರೂಢಿಯು ವಲಸೆಗಾರರಲ್ಲಿ ಸ್ವಲ್ಪ ಹೆಚ್ಚು. ಆದುದರಿಂದ ಈ ಐತಿಹ್ಯಕ್ಕೆ ಆಧಾರವೇನು, ಅದು ಎಷ್ಟು ಭಾರವನ್ನು ತಾಳಬಲ್ಲದು, ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು.

ಗೋಸಾವಿಯವರ ಹುಟ್ಟಿನ ವಿಷಯದಲ್ಲಿ ಒಂದಲ್ಲ, ಎರಡು ಕಥೆಗಳಿವೆ. ಒಂದರಂತೆ ಅವರು ಬೀದರಿನಲ್ಲಿ ಹುಟ್ಟಿದ ಮಂದಮತಿಯಾದ ಹುಡುಗ. ನಿಷ್ಪ್ರಯೋಜಕನೆಂದು ತಂದೆಯು ಮನೆಯಿಂದ ಹೊರಗೆ ಹಾಕಲು, ಅಲೆಯುತ್ತ ಮೋರಗಾಂವಕ್ಕೆ ಬಂದು ಅಲ್ಲಿಯ ಮಯೂರೇಶ್ವರನಿಗೆ ಶರಣಾದರು. ಇನ್ನೊಂದರಂತೆ ಅವರು ಪುಣೆಯ ಬಡ ಬ್ರಾಹ್ಮಣ ದಂಪತಿಗಳಿಗೆ ಇಳಿವಯಸ್ಸಿನಲ್ಲಿ ಗಣಪತಿಯ ಅನುಗ್ರಹದಿಂದ ಹುಟ್ಟಿದ ಮಗ. ತಂದೆತಾಯಿಗಳ ಮರಣಾನಂತರ ಚಿಂಚವಾಡಕ್ಕೆ ಹತ್ತಿರದ ತಾಥವಡೆಯಲ್ಲಿ ನೆಲಸಿದರು. ಮುಂದಿನ ಸಂಗತಿಗಳು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಮೋರಗಾಂವದ ಯಾತ್ರೆ, ಅಲ್ಲಿಯ ಗುಡಿಯಲ್ಲಿ ಪ್ರತಿಷ್ಠಿತ ಮನೆತನದವರೊಡನೆ ಬಂದ ವಿರಸ, ದೇವರು ತಾನೇ ಚಿಂಚವಾಡಕ್ಕೆ ಬರುವೆನೆಂದು ಕನಸಿನಲ್ಲಿ ಹೇಳಿದುದು, ನದಿಯಲ್ಲಿ ಮೀಯುವಾಗ ಕೈಗೆ ದೊರೆತ ಮೂರ್ತಿ, ಕೊನೆಗೆ ಸಜೀವ ಸಮಾಧಿ. ಮೂರನೆಯ ಒಂದು ಪಾಠವು ಮೊದಲೆರಡನ್ನು ಹೊಂದಿಸಲು ಯತ್ನಿಸಿದಂತೆ ಕಾಣುತ್ತದೆ. ಅದರಲ್ಲಿ ಬೀದರ ಸೀಮೆಯಿಂದ ಹೊರಟವರು ಮಗನಲ್ಲ, ತಂದೆ ವಾಮನಭಟ್ಟರು ಮತ್ತು ತಾಯಿ ಪಾರ್ವತೀಬಾಯಿ. ಮಗನು ಹುಟ್ಟಿದುದು ಮೋರಗಾಂವಕ್ಕೆ ಬಂದ ಮೇಲೆ. ಇಂದು ಚಿಂಚವಾಡದಲ್ಲಿ ಹೆಚ್ಚಾಗಿ ಕೇಳಿಬರುವುದು ಈ ಮೂರನೆಯದೇ.

ಹೀಗೆ ಮೂರು ಪಾಠಗಳಿರುವಾಗ ಯಾವುದು ಹಳೆಯದೆಂದು ನೋಡಬೇಕಾಗುತ್ತದೆ. ಅಚ್ಚಾದ ಇಂಗ್ಲಿಷ್ ವೃತ್ತಾಂತಗಳಲ್ಲಿ ಮೊದಲಿನದು ಎಡ್ವರ್ಡ್ ಮೂರ್ ಎಂಬ ಕಂಪನಿಯ ಸೇನಾಧಿಕಾರಿಯದು. ಅದು ‘ಏಷ್ಯಾಟಿಕ್ ರಿಸರ್ಚಸ್’ ಎಂಬ ಸಂಪುಟಮಾಲೆಯ 7ನೆಯ ಸಂಪುಟದಲ್ಲಿ, 1801ರಲ್ಲಿ, ಪ್ರಕಟವಾಯಿತು. ಚಿಂಚವಾಡದ ದೇವರೆಂದರೆ ವಂಶಪಾರಂಪರ್ಯವಾಗಿ ಬಂದ ಜೀವಂತ ಗಣಪತಿ ಎಂಬ ನಂಬಿಕೆಯು ಮೂರನಿಗೆ ಬಹಳ ಕುತೂಹಲವನ್ನುಂಟುಮಾಡಿತ್ತು. ಅವನು ಮೋರಯಾ ಗೋಸಾವಿಯವರನ್ನು ಪುಣೆಯ ಬ್ರಾಹ್ಮಣರೆಂದೇ ಕರೆಯುತ್ತಾನೆ, ದೇವರ ಅನುಗ್ರಹವಾದುದು ಸುಮಾರು 1640ರಲ್ಲಿ ಎನ್ನುತ್ತಾನೆ, ಬೀದರಿನ ಮಾತಿಲ್ಲ. 1809ರಲ್ಲಿ ಚಿಂಚವಾಡವನ್ನು ಕಂಡು ಬರೆದ ಮರಿಯಾ ಗ್ರಹಾಮ್ ಎಂಬಾಕೆಯ ಪ್ರವಾಸಗ್ರಂಥವೂ ಉಂಟು. ಆದರೆ ಆಕೆಗೆ ಆಗಿನ ದೇವರ ಕಣ್ಣುಮೂಗಿನಲ್ಲಿ ಇದ್ದ ಆಸಕ್ತಿಯು ಅವರ ಹಿರಿಯರ ಊರಿನಲ್ಲಿ ಇರಲಿಲ್ಲ. ಮೂರನು ಬರೆಯಲಿಲ್ಲವೆಂದ ಮಾತ್ರಕ್ಕೆ ಬೀದರಿನ ಕಥೆಯು ಆಗ ಇರಲಿಲ್ಲವೆಂದು ಸಾಧಿಸಲಾಗದು. ಅವನು ಕೇಳಿದುದು ಪುಣೆಯವರನ್ನು. ಪುಣೆಯವರು ತಮ್ಮೂರಿನ ಹೆಸರು ಹೇಳಿದರೆ ಆಶ್ಚರ್ಯವಿಲ್ಲ.

ಇನ್ನು ಕಾಲದ ಪ್ರಶ್ನೆ. ಊರನ್ನು ಹುಡುಕುವ ಮೊದಲು ಕಾಲವನ್ನು ಹುಡುಕದಿದ್ದರೆ ಎಲ್ಲ ಶ್ರಮವೂ ವ್ಯರ್ಥವಾಗುತ್ತದೆ. ಸಂಪ್ರದಾಯವು ಗೋಸಾವಿಯವರ ಜನ್ಮವನ್ನು 1375ರಲ್ಲಿಯೂ ಸಮಾಧಿಯನ್ನು 1561ರ ಮಾರ್ಗಶೀರ್ಷ ವದ್ಯ ಷಷ್ಠಿಯಲ್ಲಿಯೂ ಇಡುತ್ತದೆ. ಆಯುಷ್ಯವು 186 ವರ್ಷಗಳಾಯಿತು. ಭಕ್ತರಿಗೆ ಇದರಲ್ಲಿ ತೊಡಕಿಲ್ಲ; ಯೋಗಿಗಳಿಗೆ ಎಲ್ಲವೂ ಸಾಧ್ಯ. ಚರಿತ್ರಕಾರನು ಮಾತ್ರ ಬೇರೆ ಲೆಕ್ಕವನ್ನು ಹಾಕಬೇಕಾಗುತ್ತದೆ. ಸಮಾಧಿಮಂದಿರದಲ್ಲಿ ಒಂದು ಮರಾಠಿ ಶಿಲಾಲೇಖವಿದೆ. 1885ರ ಮುಂಬಯಿ ಗ್ಯಾಜೆಟಿಯರು ಅದರ ತಾತ್ಪರ್ಯವನ್ನು ಕೊಟ್ಟಿದೆ. ಕಟ್ಟಡವು ಶಕ 1580ರ ವಿಳಂಬಿ ಸಂವತ್ಸರದ ಕಾರ್ತಿಕದಲ್ಲಿ ಪ್ರಾರಂಭವಾಗಿ ವಿಕಾರಿ ಸಂವತ್ಸರದ ಆಷಾಢದಲ್ಲಿ ಮುಗಿಯಿತೆಂದು ಅದರ ಸಾರಾಂಶ, ಅಂದರೆ 1658-59. ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆಯು ಸರಿಯಾಗಿ ಬೀಳುವುದರಿಂದ ಈ ಕಾಲನಿರ್ದೇಶವನ್ನು ನಂಬಬಹುದು. ಇಡೀ ವೃತ್ತಾಂತದಲ್ಲಿ ಕಲ್ಲಿನಷ್ಟು ಗಟ್ಟಿಯಾದುದು ಇದೊಂದೇ.

ಎರಡನೆಯ ಆಧಾರವು ತಲೆಮಾರುಗಳದು. ಮೋರಯಾ, ಅವರ ಮಗ ಚಿಂತಾಮಣಿ, ಆಮೇಲೆ ನಾರಾಯಣ, ಮತ್ತೆ ಚಿಂತಾಮಣಿ, ಹೀಗೆ ದೈವಾಂಶವು ಏಳು ತಲೆಗಳವರೆಗೆ ನಡೆಯುವುದೆಂದು ದೇವರ ವರ. ನೇರ ಸಂತತಿಯ ಏಳನೆಯವರು 1810ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ದೂರದ ನಂಟರೊಬ್ಬರನ್ನು ಪೀಠಕ್ಕೆ ತಂದು ಕೂರಿಸಿದರು. ಈ ಏಳನೆಯವರಿಗೆ ಆಗ ಐವತ್ತು ವರ್ಷವಾಗಿತ್ತೆಂದು ಇಟ್ಟುಕೊಳ್ಳೋಣ. ಅವರ ಜನ್ಮ 1760ರ ಸುಮಾರಿಗೆ ಬರುವುದು. ಮೊದಲನೆಯವರಿಂದ ಏಳನೆಯವರಿಗೆ ಆರು ಅಂತರಗಳು. ಅಂತರಕ್ಕೆ ಮೂವತ್ತು ವರ್ಷ ಹಿಡಿದರೆ ಮೂಲಪುರುಷರ ಜನ್ಮವು 1580ರ ಸುಮಾರಿಗೆ ಬೀಳುತ್ತದೆ. ಉದಾರವಾಗಿ ನಲವತ್ತು ಹಿಡಿದರೆ 1520. ಅವರು 1375ರಲ್ಲಿ ಹುಟ್ಟಿದವರಾಗಬೇಕಾದರೆ ಮೊದಲ ಆರು ತಲೆಗಳಲ್ಲಿ ಪ್ರತಿಯೊಬ್ಬರೂ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಉತ್ತರಾಧಿಕಾರಿಯನ್ನು ಪಡೆದಿರಬೇಕು. ಇಂಥ ಲೆಕ್ಕವನ್ನು ಯಾವ ತಪಾಸಣೆಗಾರನೂ ಪಾಸುಮಾಡಲಾರನು. ಗಾಣಪತ್ಯ ಸಂಪ್ರದಾಯವನ್ನು ಅಭ್ಯಸಿಸಿದವರಲ್ಲಿಯೂ ಒಮ್ಮತವಿಲ್ಲ. ಹದಿಮೂರು-ಹದಿನಾಲ್ಕನೆಯ ಶತಮಾನವೆಂದವರಿದ್ದಾರೆ, ಹದಿನೇಳನೆಯದೆಂದವರಿದ್ದಾರೆ. ಮಹಾರಾಷ್ಟ್ರದ ಲೋಕದೈವಗಳ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡಬಲ್ಲವರಾಗಿದ್ದ ರಾಮಚಂದ್ರ ಚಿಂತಾಮಣ ಢೇರೆಯವರು ಹದಿನಾರನೆಯ ಶತಮಾನವನ್ನು ಹೇಳಿದ್ದಾರೆ. ತಲೆಮಾರುಗಳ ಲೆಕ್ಕಕ್ಕೂ ಮಂದಿರದ ಶಿಲಾಲೇಖಕ್ಕೂ ಢೇರೆಯವರ ಮತವೇ ಚೆನ್ನಾಗಿ ಒಪ್ಪುತ್ತದೆ.

ಕಾಲವನ್ನು ಹೀಗೆ ಹಿಡಿದುಕೊಂಡು ಬೀದರಿನ ಕಡೆಗೆ ತಿರುಗಿದರೆ ಹೊಸ ತೊಡಕು ಎದುರಾಗುತ್ತದೆ. 1375ರಲ್ಲಿ ಬಹಮನಿ ರಾಜಧಾನಿಯು ಕಲಬುರ್ಗಿ. ಅಹಮದ ಶಹನು ಅದನ್ನು ಬೀದರಿಗೆ ಸಾಗಿಸಿದುದು 1424ರಿಂದ 1430ರ ಸುಮಾರಿನಲ್ಲಿ. ಆಮೇಲೆ ಒಂದು ಶತಮಾನ ಕಾಲ ದಖ್ಖಣಕ್ಕೆಲ್ಲ ಬೀದರವೇ ತಲೆಯೂರು. ಪುಣೆಯ ಪ್ರಾಂತದ ಹಳ್ಳಿಯವನಿಗೆ ‘ಬೀದರ’ ಎಂದರೆ ಮಾಂಜ್ರಾ ನದಿಯ ಕಡೆಯ ಒಂದು ಊರು ಮಾತ್ರವಲ್ಲ. ದೂರದ, ದೊಡ್ಡ, ಅರಸರಿರುವ ಸ್ಥಳ. ಹಾಗೆಯೇ ‘ಕರ್ನಾಟಕ’ ಎಂಬ ಹೆಸರು. ಮರಾಠರ ಕಾಗದಪತ್ರಗಳಲ್ಲಿ ಕರ್ನಾಟಕವೆಂದರೆ ಕೃಷ್ಣೆಯಿಂದ ತೆಂಕಕ್ಕೆ ತಂಜಾವೂರು ಜಿಂಜಿಗಳವರೆಗಿನ ನಾಡೆಲ್ಲವೂ ಆಗಬಹುದು. ಅದರಲ್ಲಿ ಬೀದರು ಸೇರುತ್ತಿದ್ದಿತೇ ಎಂಬುದೇ ಸಂದೇಹ. ಬೀದರ ಜಿಲ್ಲೆಯು ಹೈದರಾಬಾದು ಸಂಸ್ಥಾನದಲ್ಲಿದ್ದು 1956ರ ನವೆಂಬರ 1ರಂದು ವಿಶಾಲ ಮೈಸೂರಿಗೆ ಸೇರಿತು. ಆದುದರಿಂದ ‘ಬೀದರಿನವರು, ಆದ್ದರಿಂದ ಕರ್ನಾಟಕದವರು’ ಎಂಬ ತರ್ಕದಲ್ಲಿ ಹಳೆಯ ಐತಿಹ್ಯದ ಪಾಲು ಅರ್ಧ, 1956ರ ನಕಾಶೆಯ ಪಾಲು ಅರ್ಧ.

ಹೆಸರು ಇಷ್ಟು ಮೋಸಮಾಡಬಲ್ಲದೆಂಬುದಕ್ಕೆ ಪರದೇಶದ ಒಂದು ನಿದರ್ಶನವು ಉಪಯುಕ್ತವಾಗಿದೆ. ಹದಿನೆಂಟನೆಯ ಶತಮಾನದಲ್ಲಿ ಸಾವಿರಾರು ಜರ್ಮನರು ಅಮೆರಿಕೆಯ ಬ್ರಿಟಿಷ್ ವಸಾಹತುಗಳಿಗೆ ಹೋಗಿ ನೆಲಸಿದರು. ಅವರನ್ನೆಲ್ಲ ಅಲ್ಲಿಯ ಇಂಗ್ಲಿಷರು ‘ಪ್ಯಾಲಟೈನರು’ ಎಂದು ಒಂದೇ ಹೆಸರಿನಿಂದ ಕರೆದರು. ರೈನ್ ನದಿಯ ತೀರದ ಪ್ಯಾಲಟಿನೇಟ್ ಪ್ರಾಂತದವರು ಅವರಲ್ಲಿ ಬಹಳವಿದ್ದುದು ನಿಜ. ಆದರೆ ಬೇರೆ ಸಂಸ್ಥಾನಗಳವರೂ ಅದೇ ಹೆಸರಿನಲ್ಲಿ ಮುಳುಗಿಹೋದರು. ಪೆನ್ಸಿಲ್ವೇನಿಯದಲ್ಲಿ ದ್ವಿಭಾಷಿಯಾಗಿ ಪ್ರಸಿದ್ಧನಾದ ಕಾನ್ರಾಡ್ ವೈಸರನು 1710ರಲ್ಲಿ ಹುಡುಗನಾಗಿ ಈ ಪ್ಯಾಲಟೈನರೊಡನೆಯೇ ನ್ಯೂಯಾರ್ಕಿಗೆ ಬಂದವನು; ಹುಟ್ಟಿದುದು ಮಾತ್ರ ವುರ್ಟೆಂಬರ್ಗ್ ಸಂಸ್ಥಾನದ ಆಫ್‌ಸ್ಟೆಟ್ ಎಂಬ ಹಳ್ಳಿಯಲ್ಲಿ, 1696ರಲ್ಲಿ. ಫಿಲಡೆಲ್ಫಿಯದಲ್ಲಿ 1727ರಿಂದ ಹಡಗುಗಳಲ್ಲಿ ಬಂದಿಳಿದ ಜರ್ಮನರ ಪಟ್ಟಿಗಳನ್ನು ಇಡತೊಡಗಿದರು. ಪಟ್ಟಿಯಲ್ಲಿ ಹೆಸರುಂಟು, ಇಂಗ್ಲಿಷ್ ಗುಮಾಸ್ತನ ಕಿವಿಗೆ ಕೇಳಿಸಿದ ಹಾಗೆ ಬರೆದ ಹೆಸರು. ಹುಟ್ಟಿದ ಹಳ್ಳಿಯನ್ನು ಯಾರೂ ಬರೆದುಕೊಳ್ಳಲಿಲ್ಲ. ಆದುದರಿಂದ ಅಮೆರಿಕೆಯಲ್ಲಿರುವ ವಂಶಜರು ತಮ್ಮ ಮೂಲವನ್ನು ಹುಡುಕಬೇಕಾದರೆ ಸಮುದ್ರದಾಚೆಗೆ ಹೋಗಿ ಜರ್ಮನಿಯ ಹಳ್ಳಿಹಳ್ಳಿಯ ಇಗರ್ಜಿಗಳಲ್ಲಿರುವ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆಪುಸ್ತಕಗಳನ್ನು ತಿರುವಿಹಾಕಬೇಕಾಯಿತು.

ಅವರು ಕಂಡುಕೊಂಡ ಒಂದು ಉಪಾಯವು ಬಹು ಸ್ವಾರಸ್ಯವಾದುದು. ಒಬ್ಬ ವ್ಯಕ್ತಿಯ ಹೆಸರನ್ನೇ ಬೆನ್ನಟ್ಟಿದರೆ ಹಾದಿ ತಪ್ಪುತ್ತದೆ, ಏಕೆಂದರೆ ಯೋಹಾನ್ ಮ್ಯೂಲರನೆಂಬವನು ಪ್ರತಿ ಹಳ್ಳಿಯಲ್ಲಿಯೂ ಇದ್ದಾನೆ. ಅದೇ ಹಡಗಿನಲ್ಲಿ ಅವನ ಮುಂದೆ ಹಿಂದೆ ನಿಂತು ರುಜುಹಾಕಿದವರು ಯಾರು, ಹೊಸ ನಾಡಿನಲ್ಲಿ ಅವನ ಹೊಲಕ್ಕೆ ಹೊಂದಿದ ಹೊಲ ಯಾರದು, ಅವನ ಮಕ್ಕಳಿಗೆ ದೀಕ್ಷೆಯ ಸಮಯದಲ್ಲಿ ಸಾಕ್ಷಿಯಾಗಿ ನಿಂತವರು ಯಾರು, ಎಂದು ನೋಡಿ, ಆ ಹೆಸರುಗಳ ಗುಂಪೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುವ ಹಳ್ಳಿಯನ್ನು ಹುಡುಕಿದರೆ ಮೂಲವು ಸಿಕ್ಕುತ್ತದೆ. ವಲಸೆ ಹೋಗುವವನು ಒಬ್ಬಂಟಿಗನಾಗಿ ಹೋಗುವುದು ಅಪರೂಪ. ಪಿಂಪ್ರಿಯ ಕಾರಖಾನೆಗಳಿಗೆ ಬಂದವರನ್ನು ನೋಡಿದರೂ ಇದು ತಿಳಿಯುವುದು. ಮೊದಲು ಬಂದ ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಅವನ ಹೆಂಡತಿಯ ಅಣ್ಣ.

ಇತ್ತ ಜರ್ಮನಿಯಿಂದ ಕನ್ನಡನಾಡಿಗೆ ಬಂದವರ ಮೂಲವನ್ನು ಹುಡುಕುವ ಕಷ್ಟ ನಮಗೆ ಬೀಳಲಿಲ್ಲ. ನಿಘಂಟುಕಾರ ಕಿಟ್ಟೆಲರು 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದರೆಂದೂ, ಮೋಗ್ಲಿಂಗರು 1811ರಲ್ಲಿ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿದರೆಂದೂ ಶಾಲೆಯ ಹುಡುಗನೂ ಹೇಳಬಲ್ಲನು. ಬಾಸೆಲ್ ಮಿಶನ್ ತನ್ನವರ ದಾಖಲೆಯನ್ನು ಎಚ್ಚರದಿಂದ ಇಟ್ಟಿತ್ತು.

ಈಗ ಆ ಉಪಾಯವನ್ನು ಚಿಂಚವಾಡಕ್ಕೆ ಅನ್ವಯಿಸಿ ನೋಡಬಹುದು. ಗೋಸಾವಿಯವರ ಸುತ್ತ ಐತಿಹ್ಯವು ನಿಲ್ಲಿಸುವ ಜನ ಯಾರು? ದೀಕ್ಷೆ ಕೊಟ್ಟ ನಯನಭಾರತಿಗಳು ಮೋರಗಾಂವದವರು. ತಪಸ್ಸುಮಾಡಿದ ಸ್ಥಳ ಥೇಊರು, ಪುಣೆಗೆ ಸಮೀಪ. ಪತ್ನಿ ಉಮಾಬಾಯಿಯು ತಾಥವಡೆಯ ಕಡೆಯವಳೆಂದು ಹೇಳುತ್ತಾರೆ. ವಿರೋಧಿಸಿದವರು ಮೋರಗಾಂವದ ಪಿಂಗಳೆಯವರು. ಅವರ ಹೆಸರಿನಲ್ಲಿ ಉಳಿದುಬಂದಿರುವ ಪದಗಳು ಮರಾಠಿಯಲ್ಲಿವೆ. ಇಡೀ ವೃತ್ತಾಂತದಲ್ಲಿ ಬೀದರಿನಿಂದ ಬಂದ ಎರಡನೆಯ ಮನುಷ್ಯನಿಲ್ಲ. ಒಬ್ಬ ಸೋದರಮಾವನಿಲ್ಲ, ಒಬ್ಬ ಬೀಗನಿಲ್ಲ, ಹಿಂದಿನ ಊರಿನ ಕುಲದೇವತೆಯ ದರ್ಶನಕ್ಕೆ ಹೋಗಿಬಂದ ಪ್ರಸ್ತಾಪವಿಲ್ಲ. ಹೊಸದಾಗಿ ವಲಸೆ ಬಂದ ಬ್ರಾಹ್ಮಣ ಕುಟುಂಬವು ಮೊದಲ ತಲೆಯಲ್ಲಿ ಹೆಣ್ಣು ತರುವುದು ಬಿಟ್ಟುಬಂದ ಊರಿನ ಬಳಗದಿಂದಲೇ ಎಂಬುದು ಸಾಮಾನ್ಯ ಅನುಭವ. ಹೀಗಿರುವಾಗ ಮೋರಯಾ ಗೋಸಾವಿಯವರನ್ನೇ ವಲಸೆಗಾರರೆಂದು ಭಾವಿಸುವುದು ಕಷ್ಟ. ಅವರ ಮನೆತನವು ಆ ಸೀಮೆಯಲ್ಲಿ ಆಗಲೇ ಬೇರೂರಿತ್ತೆಂದು ತೋರುತ್ತದೆ.

ಹಾಗಾದರೆ ಬೀದರಿನ ಮಾತು ಕಟ್ಟುಕಥೆಯೇ? ಅಷ್ಟು ಸುಲಭವಾಗಿ ತಳ್ಳಿಹಾಕಲೂ ಬಾರದು. ಪುಣೆಯ ಸೀಮೆಯ ಚರಿತ್ರೆಯಲ್ಲಿ ಬೀದರಿನಿಂದ ಜನರು ಬಂದು ನೆಲಸಲು ಕಾರಣವಾಗಬಲ್ಲ ಒಂದು ಖಚಿತವಾದ ಸಂದರ್ಭವಿದೆ. 1396ರಿಂದ ದಖ್ಖಣವನ್ನು ‘ದುರ್ಗಾದೇವಿ’ ಎಂಬ ಭೀಕರ ಕ್ಷಾಮವು ಹಿಡಿಯಿತು. ಹನ್ನೆರಡು ವರ್ಷ ನಡೆಯಿತೆಂದು ಪ್ರತೀತಿ. ಊರಿಗೆ ಊರೇ ಬರಿದಾಯಿತು. ಕೋಟೆಗಳೂ ಘಟ್ಟಗಳೂ ಪಾಳೆಯಗಾರರ, ಕಳ್ಳರ ಕೈಗೆ ಹೋದುವು. 1429ರಲ್ಲಿ ಬಹಮನಿ ಸುಲ್ತಾನನು ಮಲಿಕ್-ಉತ್-ತುಜ್ಜಾರನನ್ನು ಕಳುಹಿಸಿ ಈ ನಾಡನ್ನು ಮತ್ತೆ ಹತೋಟಿಗೆ ತಂದನು. ಅದರ ಹಿಂದೆಯೇ ದಾದೂ ನರಸೂ ಎಂಬ ವೃದ್ಧ ಬ್ರಾಹ್ಮಣನನ್ನೂ ದರಬಾರಿನ ಒಬ್ಬ ತುರ್ಕಿ ಅಧಿಕಾರಿಯನ್ನೂ ಕಂದಾಯದ ವ್ಯವಸ್ಥೆಗೆ ನೇಮಿಸಲಾಯಿತು. ಹಳೆಯ ಗಡಿಗಳು ಯಾರಿಗೂ ನೆನಪಿರಲಿಲ್ಲವಾದ್ದರಿಂದ ದಾದೂ ನರಸೂ ಎರಡು ಮೂರು ಊರುಗಳನ್ನು ಕೂಡಿಸಿ ಒಂದೊಂದು ಊರಾಗಿ ಮಾಡಿದನು. ಉಳಲು ಮುಂದೆ ಬಂದ ಯಾರಿಗಾದರೂ ನೆಲ ಕೊಟ್ಟರು. ಮೊದಲ ವರ್ಷ ಕಂದಾಯವಿಲ್ಲ, ಎರಡನೆಯ ವರ್ಷ ಬಿಘಾಕ್ಕೆ ಕುದುರೆಯ ತೋಬರಿಯೊಂದು ತುಂಬುವಷ್ಟು ಧಾನ್ಯ. ಸಾಲ ಕೊಟ್ಟು ವಸೂಲು ಮಾಡುವುದರ ಕಷ್ಟ ಬಲ್ಲವರಿಗೆ ಈ ಏರ್ಪಾಟಿನ ಜಾಣ್ಮೆಯು ತಟ್ಟನೆ ತಿಳಿಯುತ್ತದೆ.

ಇಂಥ ಪುನರ್ವಸತಿಗೆ ಲೆಕ್ಕ ಬರೆಯುವ ಕುಲಕರ್ಣಿಗಳು ಬೇಕು, ಪಂಚಾಂಗ ಹೇಳುವ ಜೋಯಿಸರು ಬೇಕು. ಆಜ್ಞೆಯು ಹೊರಟುದು ಬಹಮನಿ ದರಬಾರಿನಿಂದ. ಅದರೊಡನೆ ರಾಜಧಾನಿಯ ಸೀಮೆಯ ಕೆಲವು ಬ್ರಾಹ್ಮಣ ಕುಟುಂಬಗಳೂ ಬಂದಿದ್ದರೆ ಅದು ಅತ್ಯಂತ ಸಹಜ. ಗೋಸಾವಿಯವರ ಪಿತಾಮಹನೋ ಪ್ರಪಿತಾಮಹನೋ ಹಾಗೆ ಬಂದವನಾಗಿರಬಹುದು. ಮನೆಯಲ್ಲಿ ‘ನಾವು ಬೀದರಿನ ಕಡೆಯವರು’ ಎಂಬ ನೆನಪು ಉಳಿದು, ಕಾಲಾಂತರದಲ್ಲಿ ಹಿಂದಿನವರ ಹೆಸರುಗಳೆಲ್ಲ ಮರೆತುಹೋಗಿ, ಅವರ ಪಯಣವೂ ಅವರ ಕಾಲವೂ ವಂಶದಲ್ಲಿ ಪ್ರಸಿದ್ಧನಾದ ಒಬ್ಬನಿಗೇ ಅಂಟಿಕೊಂಡಿರಬಹುದು. 186 ವರ್ಷದ ಆಯುಷ್ಯದ ಗುಟ್ಟೂ ಇದರಲ್ಲಿಯೇ ಇದ್ದೀತು: ನಾಲ್ಕೈದು ಜನರ ಬಾಳನ್ನು ಒಬ್ಬನ ಲೆಕ್ಕಕ್ಕೆ ಜಮೆಮಾಡಿದರೆ ಮೊತ್ತವು ಅಷ್ಟಾಗುತ್ತದೆ. ಇದು ಊಹೆಯೆಂಬುದನ್ನು ಮರೆಯಕೂಡದು. ಆದರೆ ಬೀದರಿನ ಐತಿಹ್ಯ, ತಲೆಮಾರುಗಳ ಲೆಕ್ಕ, ಪುಣೆಯ ಪಾಠ, ಈ ಮೂರನ್ನೂ ಏಕಕಾಲಕ್ಕೆ ಉಳಿಸಿಕೊಳ್ಳುವ ಊಹೆ ಇದೊಂದೇ.

ಕನ್ನಡಾಭಿಮಾನಿಗಳು ಮುಂದಿಡುವ ಎರಡು ಸಣ್ಣ ವಾದಗಳನ್ನು ಇಲ್ಲಿಯೇ ಮುಗಿಸಬಹುದು. ಮನೆತನದ ಹಳೆಯ ಅಡ್ಡಹೆಸರು ಶಾಳಿಗ್ರಾಮ ಎಂದು ಕೆಲವು ಬರವಣಿಗೆಗಳಲ್ಲಿದೆ. ಸಾಲಿಗ್ರಾಮವು ಕರ್ನಾಟಕದ ಊರಲ್ಲವೇ ಎಂಬುದು ಮೊದಲನೆಯದು. ಊರೇನೋ ಹೌದು, ಒಂದಲ್ಲ ಎರಡು: ಒಂದು ಮೈಸೂರು ಸೀಮೆಯಲ್ಲಿ, ಒಂದು ಉಡುಪಿಯ ಬಡಗಣ ಕೋಟದ ಬಳಿ. ಬೀದರಿಗೆ ಎರಡೂ ಬಹುದೂರ. ಶಾಳಿಗ್ರಾಮವು ಪೂಜೆಯ ಕಲ್ಲಿನ ಹೆಸರು. ಆ ಕಲ್ಲಿರುವ ಯಾವ ಮನೆಗಾದರೂ ಆ ಹೆಸರು ಬರಬಹುದು. ಎರಡನೆಯದು, ಗಣಪತಿಯ ಜಯಕಾರದಲ್ಲಿ ಮೋರಯಾ ಎಂಬುದರ ಹಿಂದೆ ಬರುವ ‘ಬಪ್ಪಾ’ ಎಂಬುದು ಕನ್ನಡದ ‘ಅಪ್ಪ’ ಎಂಬ ವಾದ. ‘ಬಪ್ಪ’ ಶಬ್ದವು ಕನ್ನಡನಾಡಿನಿಂದ ಮೇವಾಡದವರೆಗೆ ಬಹು ಪ್ರಾಚೀನ ಕಾಲದಿಂದಲೂ ಬಳಕೆಯಲ್ಲಿದೆ. ಅದರಿಂದ ಯಾರ ಊರೂ ನಿರ್ಣಯವಾಗದು.

ಇದಕ್ಕಿಂತ ಕಠಿನವಾದುದು ಭಾಷೆಯ ಪ್ರಶ್ನೆ. ದೇವ ಮನೆತನವು ದೇಶಸ್ಥ ಬ್ರಾಹ್ಮಣರದು. ದೇಶಸ್ಥರು ಗೋದಾವರಿಯಿಂದ ತುಂಗಭದ್ರೆಯವರೆಗೆ ಹರಡಿದವರು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನಾಡುವುದು ಅವರಿಗೆ ಸಹಜ. ಬೀದರವಂತೂ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ಕೂಡುವ ಸ್ಥಳ. ಬೀದರಿನಿಂದ ಬಂದ ದೇಶಸ್ಥನು ಮಗುವನ್ನು ಯಾವ ನುಡಿಯಲ್ಲಿ ಮುದ್ದಾಡಿದನೆಂದು ಊರಿನ ಹೆಸರಿನಿಂದ ಹೇಳಲು ಸಾಧ್ಯವಿಲ್ಲ. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಹತ್ತಾರು ವರ್ಷ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮುಂದೆ ಒಂದು ದಿನ ಅವರ ಗ್ರಂಥಗಳೆಲ್ಲ ಕಳೆದುಹೋಗಿ ಮನೆತನದ ಹೆಸರೂ ಸೊಲ್ಲಾಪುರದ ಹೆಸರೂ ಮಾತ್ರ ಉಳಿದರೆ, ಆಗಿನ ಸಂಶೋಧಕನು ಅವರನ್ನು ಏನೆಂದು ಕರೆಯುವನೋ!

ಪೇಶ್ವೆಯವರ ಕಾಲದಲ್ಲಿ ಚಿಂಚವಾಡದಲ್ಲಿ ಒಂದು ಟಂಕಸಾಲೆ ಇದ್ದಿತು. ಮರಾಠರ ಟಂಕಸಾಲೆಗಳ ರೂಪಾಯಿಗಳು ಬಹುಮಟ್ಟಿಗೆ ದೆಹಲಿಯ ಬಾದಶಹನ ಹೆಸರನ್ನೇ ಹೊತ್ತು ಹೊರಬೀಳುತ್ತಿದ್ದುವು. ನಾಣ್ಯವನ್ನು ಪರಿಶೀಲಿಸುವ ಸರಾಫನು ಮೇಲಿನ ಹೆಸರನ್ನು ನಂಬದೆ ಅಚ್ಚಿನ ಸಣ್ಣ ಗುರುತುಗಳನ್ನು ನೋಡಿ ಇದು ಎಲ್ಲಿಯದೆಂದು ಹೇಳುತ್ತಿದ್ದನು. ಢೇರೆಯವರು ಭೋಸಲೆ ಮನೆತನದ ಮೂಲವನ್ನು ಹುಡುಕಿದುದು ಹೆಚ್ಚುಕಡಿಮೆ ಹೀಗೆಯೇ. ಶಿಖರ ಶಿಂಗಣಾಪುರದ ಶಂಭು ಮಹಾದೇವನನ್ನು ಕುರಿತ ತಮ್ಮ ಗ್ರಂಥದಲ್ಲಿ ಅವರು ಕುಲದೇವತೆಯ ಆಚರಣೆಗಳ, ಗವಳಿಗರ ಸಂಪ್ರದಾಯಗಳ ಎಳೆ ಹಿಡಿದು, ಇಂದಿನ ಗದಗ ಜಿಲ್ಲೆಯ ಸೊರಟೂರಿನಿಂದ ಸಾತಾರೆಯ ಸೀಮೆಗೆ ಬಂದ ಬಳಿಯಪ್ಪನೆಂಬವನವರೆಗೆ ನಡೆದರು. ಅವರ ನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ಒಪ್ಪಲಿ ಬಿಡಲಿ, ಒಬ್ಬ ಮರಾಠಿ ವಿದ್ವಾಂಸನು ಕನ್ನಡದ ಮೂಲವನ್ನು ನಿರ್ಭಯವಾಗಿ ಮುಂದಿಟ್ಟುದು ಅದಕ್ಕೆ ಆಧಾರಗಳು ಕಂಡುದರಿಂದಲೇ ಹೊರತು ಅಭಿಮಾನದಿಂದಲ್ಲ. ಚಿಂಚವಾಡದ ವಿಷಯದಲ್ಲಿ ಕನ್ನಡಿಗರು ಅಷ್ಟೇ ಬಿಗಿಯಾದ ಆಧಾರವನ್ನು ಕೇಳಬೇಕಾಗುತ್ತದೆ, ಉತ್ತರವು ತಮಗೆ ಪ್ರತಿಕೂಲವಾಗುವಂತಿದ್ದರೂ.

ಆಧಾರಗಳನ್ನು ಹುಡುಕಬೇಕಾದ ಕಡೆಗಳು ಇನ್ನೂ ಇವೆ. ಲಾರೆನ್ಸ್ ಪ್ರೆಸ್ಟನ್ ಎಂಬ ವಿದ್ವಾಂಸನು ದೇವ ಮನೆತನದ ಮೇಲೆ ಬರೆದ ಗ್ರಂಥವು 1989ರಲ್ಲಿ ಕೇಂಬ್ರಿಜಿನಿಂದ ಪ್ರಕಟವಾಗಿದೆ. ಆದರೆ ಅವನ ಲಕ್ಷ್ಯವು ಇನಾಮು ಭೂಮಿಗಳ ಮೇಲೆ, ಒಂದಾದ ಮೇಲೊಂದು ಬಂದ ಸರಕಾರಗಳೊಡನೆ ಮನೆತನಕ್ಕಿದ್ದ ವ್ಯವಹಾರದ ಮೇಲೆ. ಮೂಲದ ಊರು ಅವನ ಪ್ರಧಾನ ಪ್ರಶ್ನೆಯಲ್ಲ. 1852ರ ಕಾಯಿದೆಯ ಮೇರೆಗೆ ನಡೆದ ಇನಾಮು ವಿಚಾರಣೆಯ ಕಾಗದಗಳು ಪುಣೆಯ ದಫ್ತರಖಾನೆಯಲ್ಲಿವೆ. ಇನಾಮುದಾರನು ತನ್ನ ಹಕ್ಕನ್ನು ಸಮರ್ಥಿಸಿಕೊಳ್ಳಲು ವಂಶಾವಳಿಯನ್ನು ಮುಂದಿಡಬೇಕಾಗಿದ್ದುದರಿಂದ ಅಂಥ ಕಡತಗಳಲ್ಲಿ ಹಿರಿಯರ ಊರು ಒಮ್ಮೊಮ್ಮೆ ನುಸುಳಿರುತ್ತದೆ. ಜರ್ಮನರ ಇಗರ್ಜಿಯ ಪುಸ್ತಕಕ್ಕೆ ಸಮನಾದುದು ನಮ್ಮಲ್ಲಿಯೂ ಒಂದುಂಟು: ನಾಸಿಕ, ತ್ರ್ಯಂಬಕೇಶ್ವರಗಳ ತೀರ್ಥೋಪಾಧ್ಯಾಯರ ವಹಿಗಳು. ಯಾತ್ರೆಗೆ ಬಂದವನು ತನ್ನ ಹೆಸರು, ತಂದೆ ಅಜ್ಜಂದಿರ ಹೆಸರು, ಗೋತ್ರ, ಇರುವ ಊರು, ಮೂಲ ಊರುಗಳನ್ನು ಅದರಲ್ಲಿ ಬರೆಯಿಸುವನು. ಮುಂದೆ ಮೊಮ್ಮಗ ಬಂದಾಗ ಉಪಾಧ್ಯಾಯನು ಅದೇ ಹಾಳೆಯನ್ನು ತೆಗೆದು ತೋರಿಸುವನು. ಸತ್ತವರ ಪಿಂಡಪ್ರದಾನದ ಸಮಯದಲ್ಲಿ ಬರೆಯಿಸಿದ ಊರಿನ ಹೆಸರಿಗೆ ಪ್ರತಿಷ್ಠೆಯ ಮಿಶ್ರಣವು ಕಡಮೆ. ಈ ವಹಿಗಳೂ ದಫ್ತರದ ಕಾಗದಗಳೂ ಬಹುಪಾಲು ಮೋಡಿ ಲಿಪಿಯಲ್ಲಿವೆ. ಕನ್ನಡದ ಊರಹೆಸರುಗಳು ಮೋಡಿ ಬರವಣಿಗೆಯಲ್ಲಿ ಗುರುತು ಸಿಗದಂತೆ ಮಾರ್ಪಡುವುದರಿಂದ, ಅವುಗಳನ್ನು ಓದುವವನಿಗೆ ಮೋಡಿಯಷ್ಟೇ ಬೀದರ, ಭಾಲ್ಕಿ, ಹುಮನಾಬಾದುಗಳ ಹಳ್ಳಿಗಳ ಪರಿಚಯವೂ ಇರಬೇಕಾಗುತ್ತದೆ.